ಹೊಸ ಸೋಪು

ಮಗಳು ಎರಡೂ ಕೈಯಿಂದ ಮೂಗು ಮುಚ್ಚಿಕೊಂಡು ಗೋಡೆಗೆ ಅಂಟಿ ನಿಂತಳು. ಪೇಂಟರ್ ಅಪ್ಪ ಬಚ್ಚಲ ಬಾಗಿಲಲ್ಲೇ ಕಕ್ಕಾಬಿಕ್ಕಿಯಾದ. ಸಣ್ಣ ವಾಸನೆಗೂ ಒದ್ದಾಡುವ ಮಗುವಿಗೆ ತನ್ನ ಮೈಯ ಥಿನ್ನರ್ ನಾತ ಬೇಡವೆಂದು, ಇವತ್ತು ಹೊಸ ಸೋಪು ಹಚ್ಚಿ ಚರ್ಮ ಕೆಂಪಾಗುವಷ್ಟು ಉಜ್ಜಿಕೊಂಡಿದ್ದ.

“ನಾನು ಕಣೇ, ಅಪ್ಪ!”

“ನೀನಲ್ಲ! ಹೋಗು!” ಕಿರುಚುತ್ತಾ ಅವಳು ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದಳು. ಹಿಡಿಯಲು ಹೋದರೆ ಕೂಗು ಇನ್ನೂ ಜೋರಾಯಿತು.

“ಮುಟ್ಬೇಡ್ರೀ, ಕೈ ಮುಗೀತೀನಿ,” ಎನ್ನುತ್ತಾ ಹೆಂಡತಿ ಓಡಿಬಂದಳು. ಅವನು ಮತ್ತೆ ಬಚ್ಚಲಿಗೆ ನುಗ್ಗಿ, ಬರೀ ನೀರಿನಲ್ಲಿ ಮೈಕೈ ತಿಕ್ಕಿದ. ಸೋಪಿನ ಘಮ ಜಪ್ಪಯ್ಯ ಅಂದರೂ ಬಿಡಲಿಲ್ಲ.

ಹೊರಬಂದಾಗ ಕೂಗು ನಿಂತಿತ್ತು. ಮೊಳೆಗೆ ನೇತುಹಾಕಿದ್ದ ಅವನ ಕೆಲಸದ ಅಂಗಿಯಲ್ಲಿ ಮುಖ ಹುದುಗಿಸಿ, ಬಣ್ಣ ಮೆತ್ತಿದ ಅದರ ಖಾಲಿ ತೋಳನ್ನು ಹಿಡಿದು ಮಗಳು ಪಿಸುಗುಟ್ಟುತ್ತಿದ್ದಳು: “ಅಪ್ಪಾ, ಅವನನ್ನ ಆಚೆ ಕಳಿಸು.”