ಮೋಟಿಯ ಮಕ್ಕಳು

“ಮತ್ತೆ ತಂದ್ರಾ?”

ಗಂಡ ತಲೆಯ ಮೇಲಿರಬೇಕಾದ ಹೆಲ್ಮೆಟ್ಟನ್ನು ತುಂಬಿದ ಬಟ್ಟಲಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಾಗಲೇ ಒಳಗೇನಿದೆ ಎಂದು ಅವಳಿಗೆ ಗೊತ್ತಾಗಿಹೋಯಿತು. ಮರ ಕಡಿಯುವುದು ಅವನ ಕೆಲಸ. ಕಡಿದ ಮರದಿಂದ ಬಿದ್ದ ಅಳಿಲುಮರಿಗಳನ್ನು ಸಾಕುವುದು ಅವಳ ಕೆಲಸ. ಅಂಗಿಗಳಿಗೆ ಗುಂಡಿ ಹೊಲಿದುಕೊಂಡು ಮನೆಯಲ್ಲೇ ಇರುತ್ತಾಳಲ್ಲ, ಮೂರು ಗಂಟೆಗೊಮ್ಮೆ ಹಾಲು ಹಾಕಲು ಅವಳಿಗೇನು ಧಾಡಿ ಎಂದು ಈ ಪುಣ್ಯಾತ್ಮ ತಾನೇ ತೀರ್ಮಾನಿಸಿಬಿಟ್ಟಿದ್ದ. ಈ ವರ್ಷ ಇದು ನಾಲ್ಕನೇ ಸಂಸಾರ.

“ಮೂರಿವೆ ಕಣೇ. ಕಣ್ಣು ಬಿಟ್ಟಿವೆ. ಬದುಕ್ತಾವೆ,” ಎಂದ, ತಾನೇ ಹೆತ್ತು ತಂದವನಂತೆ.

“ಒಂದು ದಿನ ಯಾರ ಮನೇನೂ ಮುರೀದೆ ವಾಪಸ್ ಬನ್ನಿ ನೋಡೋಣ!” ಎನ್ನುತ್ತಲೇ ಅವಳು ಎದ್ದಳು. ಬಾಯಿ ತನ್ನ ಪಾಡಿಗೆ ಬೈಯುತ್ತಿತ್ತು, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಬಾಟಲಿಗೆ ಬಿಸಿನೀರು ತುಂಬಿ, ಹಳೇ ಟವೆಲ್ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮರಿಗಳನ್ನು ಅದಕ್ಕೆ ಒರಗಿಸಿದಳು. ಆಡಿನ ಹಾಲನ್ನು ಉಗುರುಬೆಚ್ಚಗೆ ಮಾಡಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ, ಇಂಕ್ ಫಿಲ್ಲರಿಗೆ ಎಳೆದುಕೊಂಡಳು. ಹನಿಹನಿಯಾಗಿಯೇ ಬಿಡಬೇಕು. ಆತುರಪಟ್ಟರೆ ಹಾಲು ಮೂಗಿಗೆ ಹೋಗಿ ಮರಿ ಕೈಯಲ್ಲೇ ಸಾಯುತ್ತದೆ. ಮೊದಲ ವರ್ಷ ಹಾಗೆ ಎರಡನ್ನು ಕಳೆದುಕೊಂಡು ಕಲಿತ ವಿದ್ಯೆ ಅದು.

“ಬುಡದಲ್ಲಿಟ್ಟು ಕಾದ್ರಾ? ಎಷ್ಟು ಸಲ ಬಡ್ಕೊಂಡಿದೀನಿ, ಬುಟ್ಟೀಲಿ ಹಾಕಿ ಮರದ ಬುಡದಲ್ಲಿಟ್ಟು ದೂರ ನಿಂತ್ಕೊಳ್ಳಿ, ತಾಯಿ ಬಂದು ಒಂದೊಂದಾಗಿ ಕಚ್ಕೊಂಡು ಹೋಗತ್ತೆ ಅಂತ?”

“ಕಾಯೋ ಹಾಗಿರಲಿಲ್ಲ.”

“ಯಾಕೆ, ನಿಮ್ಮ ಮೇಸ್ತ್ರಿಗೆ ರೈಲು ತಪ್ಪಿಹೋಗ್ತಿತ್ತಾ?”

ಅವನು ಬೂಟಿನ ಲೇಸು ಬಿಚ್ಚತೊಡಗಿದ. ಬಿಚ್ಚಿ ಆಗಿದ್ದ ಲೇಸನ್ನೇ ಮತ್ತೆ ಮತ್ತೆ ಎಳೆಯುತ್ತಿದ್ದ. ಅವಳಿಗೆ ಅನುಮಾನ ಬಂತು.

“ಯಾವ ಮರ ರೀ?”

“ಸಂತೆ ದಾರೀಲಿರೋ ಆ ದೊಡ್ಡದು.”

ಫಿಲ್ಲರ್ ಹಿಡಿದ ಕೈ ನಿಂತಿತು. ಹೋದ ವರ್ಷ ಅವಳು ಮೋಟಿಯನ್ನು ಬಿಟ್ಟು ಬಂದಿದ್ದು ಆ ಮರಕ್ಕೇ. ಬಾಗಿಲ ಸಂದಿಗೆ ಸಿಕ್ಕಿ ಅರ್ಧ ಬಾಲ ಕಳೆದುಕೊಂಡಿದ್ದರಿಂದ ಮೋಟಿ. ಸಾಕಿದ ಇಪ್ಪತ್ತು ಮೂವತ್ತು ಮರಿಗಳಲ್ಲಿ ಹೆಸರು ಪಡೆದದ್ದು ಅದೊಂದೇ. ಬಿಟ್ಟು ಬಂದ ಮೇಲೂ ಅವಳು ಆ ದಾರಿಯಲ್ಲಿ ಹೋದರೆ ಕೆಳಗಿಳಿದು ಬಂದು ಕೈ ಮೂಸಿ ಹೋಗುತ್ತಿತ್ತು.

“ಅದನ್ನ ಕಡೀಬೇಕು ಅಂತ ಯಾವಾಗ ಗೊತ್ತಾಯ್ತು?”

“ಸೋಮವಾರ. ಹೇಳಿದ್ರೆ ನೀನು ಹೋಗಿ ಮರ ತಬ್ಕೊಂಡು ಕೂರ್ತಿದ್ದೆ. ರಸ್ತೆ ಅಗಲ ಮಾಡ್ತಿದಾರೆ ಕಣೇ. ನಾನು ಬಿಟ್ರೆ ಇನ್ನೊಬ್ಬ ಕಡೀತಾನೆ.”

“ಮೋಟಿ ಎಲ್ಲಿ?”

ಅವನು ನೆಲ ನೋಡಿದ. “ಮಷೀನು ಚಾಲೂ ಮಾಡಿದ್ದೇ ತಡ, ಕಾಗೆ, ಗಿಣಿ, ಬೇರೆ ಅಳಿಲುಗಳು, ಎಲ್ಲಾ ಎದ್ನೋ ಬಿದ್ನೋ ಅಂತ ಓಡಿದ್ವು. ಅದೊಂದು ಮಾತ್ರ ಸದ್ದು ಬಂದ ಕಡೆಗೇ ಬಂತು. ಸೀದಾ ನನ್ನ ಹೆಗಲು ಹತ್ತಿ ಕೂತ್ಕೊಳ್ತು. ಎರಡು ಸಲ ಓಡಿಸ್ದೆ. ಆಟ ಅಂದ್ಕೊಳ್ತೋ ಏನೋ. ಮೂರನೇ ಸಲ ಬಂದಿದ್ದು ನಾನು ನೋಡ್ಲಿಲ್ಲ. ಕೊಂಬೆ ಬಿದ್ದ ಮೇಲೆ ನೋಡ್ದೆ. ಅದರ ಗೂಡೂ ಆ ಕೊಂಬೇಲೇ ಇತ್ತು.”

ಹೋದ ವರ್ಷ ದಿನಾ ಬೆಳಿಗ್ಗೆ ಇವನು ಹಿತ್ತಿಲಲ್ಲಿ ಮರ ಕೊಯ್ಯುವ ಆ ಮಷೀನಿಗೆ ಎಣ್ಣೆ ಬಿಟ್ಟು, ಚಾಲೂ ಮಾಡಿ ನೋಡುವಾಗ ಮೋಟಿ ಇವನ ಹೆಗಲ ಮೇಲೆ ಕೂತು ಕಡಲೆಬೀಜ ತಿನ್ನುತ್ತಿತ್ತು. ಅವಳೇ ಪಕ್ಕದ ಮನೆಯವರನ್ನು ಕರೆದು ತೋರಿಸಿದ್ದಳು. ನಮ್ಮ ಮೋಟಿಗೆ ಯಾವ ಹೆದರಿಕೆಯೂ ಇಲ್ಲ ಎಂದು ಮೆರೆದಿದ್ದಳು. ಆ ಸದ್ದು ಕೇಳಿದರೆ ಅದಕ್ಕೆ ಮನೆ ನೆನಪಾಗುತ್ತಿತ್ತು.

“ಥೂ! ಅದನ್ನ ಕೊಂದು, ಅದರ ಮಕ್ಕಳನ್ನ ತಂದು ನನ್ನ ಮಡಿಲಿಗೆ ಹಾಕ್ತೀಯಲ್ಲ, ನಿಂಗೆ ಮನಸ್ಸಾದ್ರೂ ಹೇಗೆ ಬಂತೋ!”

ಮದುವೆಯಾದ ಹದಿನೆಂಟು ವರ್ಷದಲ್ಲಿ ಅವಳ ಬಾಯಲ್ಲಿ ಮೊದಲ ಸಲ ಏಕವಚನ ಬಂದಿತ್ತು. ಅವನು ತಿರುಗಿ ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಯಾಕೆಂದರೆ ಕೊಂಬೆ ಕೊಯ್ದವನು ಅವನು, ಮೋಟಿಗೆ ಮನುಷ್ಯರನ್ನು ನಂಬುವುದನ್ನು ಕಲಿಸಿದವಳು ತಾನು.

ಕಣ್ಣೊರೆಸಿಕೊಂಡು ಮೂರನೆಯ ಮರಿಗೂ ಹಾಲು ಮುಗಿಸಿದಳು. ಒದ್ದೆ ಹತ್ತಿಯಿಂದ ಹೊಟ್ಟೆ ಒರೆಸಿದಳು. ಅದು ಅವಳ ಬೆರಳನ್ನು ನಾಲ್ಕೂ ಕಾಲಲ್ಲಿ ತಬ್ಬಿಕೊಂಡು ಕಣ್ಣು ಮುಚ್ಚಿತು. ಅವಳು ಒಂದೊಂದೇ ಉಗುರು ಬಿಡಿಸಿ ಅದನ್ನು ಪೆಟ್ಟಿಗೆಗೆ ಹಾಕಿದಳು.

“ಮಷೀನು ತಗೊಂಡು ಬಾ.”

“ಮನೆಯೊಳಗಾ? ತಲೆಗಿಲೆ ಕೆಟ್ಟಿದೆಯಾ? ಮರಿಗಳು ಹೆದರ್ಕೊಳ್ತಾವೆ ಕಣೇ.”

“ಹೆದರ್ಕೊಳ್ಲಿ. ಅದನ್ನ ಕಲಿಸ್ದೆ ಇನ್ನು ಒಂದನ್ನೂ ಹೊರಗೆ ಬಿಡಲ್ಲ.”

ಅವಳ ಮುಖ ನೋಡಿ ಅವನು ಎದ್ದುಹೋಗಿ ತಂದ. ಪೆಟ್ಟಿಗೆಯಿಂದ ನಾಲ್ಕು ಹೆಜ್ಜೆ ದೂರ ನಿಂತು ಹಗ್ಗ ಎಳೆದ. ಸದ್ದಿಗೆ ಕಿಟಕಿಯ ಗಾಜು ಅದುರಿತು. ಎರಡು ಮರಿಗಳು ಟವೆಲ್ಲಿನ ಕೆಳಗೆ ನುಗ್ಗಿದವು. ಮೂರನೆಯದು ಪೆಟ್ಟಿಗೆಯ ಅಂಚು ಹತ್ತಿ, ಅವಳ ಕೈ ಹಿಡಿದು, ರವಿಕೆಯ ತೋಳಿನೊಳಗೆ ತೂರಿಕೊಂಡು ಗಡಗಡ ನಡುಗತೊಡಗಿತು. ಅವಳು ಅದನ್ನು ಹೊರಗೆಳೆದು ಮತ್ತೆ ಪೆಟ್ಟಿಗೆಯೊಳಗಿಟ್ಟಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಇನ್ನೂ ಹತ್ತಿರ ಹಿಡಿ!” ಎಂದು ಕೂಗಿದಳು.