ದೋಷವಿಲ್ಲದ ಮನೆ

ದಲ್ಲಾಳಿ ಮೂರನೆಯ ಸಲ ಅಡುಗೆಮನೆಯ ಗೋಡೆಗೆ ಕಿವಿಯಿಟ್ಟ. ಒಳಗೆಲ್ಲೋ ನೀರು ಜಿನುಗುತ್ತಿರಬೇಕು. ಜಿನುಗುತ್ತಿರಲಿಲ್ಲ.

ಪೇಟೆ ಬೆಲೆಯ ಮುಕ್ಕಾಲಿಗೆ ಯಾರಾದರೂ ಮನೆ ಮಾರುತ್ತಾರೆಂದರೆ ಅದರ ಹೊಟ್ಟೆಯಲ್ಲಿ ಹುಳುಕಿದೆ ಎಂದೇ ಅರ್ಥ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿದ. ನೆಲದ ಮೇಲೆ ಗೋಲಿಯಿಟ್ಟು, ಉರುಳುತ್ತದೆಯೇ ಎಂದು ಮಂಡಿಯೂರಿ ಕಾದ. ಕಪಾಟಿನ ಹಿಂದೆ ಮೂಗು ತೂರಿಸಿದ. ಸಿಕ್ಕಿದ್ದು ಒಂದು ಸೀನು.

ಮಾಲೀಕ ಕಿಟಕಿಯ ಬಳಿ ನಿಂತು ನೋಡುತ್ತಿದ್ದ. ಕನ್ನಡಕದ, ಮಾತು ಕಡಿಮೆಯ ಮನುಷ್ಯ. ಸರ್ಕಾರಿ ಕೆಲಸವಂತೆ.

“ತಪ್ಪು ತಿಳ್ಕೋಬೇಡಿ ಸಾರ್. ಅಣ್ಣತಮ್ಮಂದಿರ ತಕರಾರು ಏನಾದ್ರೂ ಇದೆಯಾ?”

“ನಾನೊಬ್ಬನೇ ಮಗ.”

“ಅಕ್ಕಪಕ್ಕದವರ ಕಾಟ?”

“ನೀವು ಬಂದ ಮೇಲೆ ಅವರಿಗೇ ಕಾಟ. ಆ ನಲ್ಲಿಗಳನ್ನ ನಿಲ್ಲಿಸ್ತೀರಾ?”

ದಲ್ಲಾಳಿ ನಿಲ್ಲಿಸಿದ. “ಮತ್ತೆ ಯಾಕಿಷ್ಟು ಅವಸರ?”

“ಶುಕ್ರವಾರದೊಳಗೆ ಆಗಬೇಕು, ಅಷ್ಟೇ. ಇನ್ನೊಂದು ಮಾತು. ಮಾರಿದ ಮೇಲೂ ಎರಡು ವರ್ಷ ನಾವು ಇಲ್ಲೇ ಬಾಡಿಗೆಗೆ ಇರ್ತೀವಿ. ಮನೆಯಲ್ಲಿ ಏನೂ ದೋಷವಿಲ್ಲ ನೋಡಿ.”

ಅನುಮಾನ ಅರ್ಧ ಕರಗಿದ್ದು ಆಗಲೇ. ಸೋರುವ ಮನೆಯಲ್ಲಿ ಬಾಡಿಗೆ ಕೊಟ್ಟು ಯಾರು ಇರುತ್ತಾರೆ? ಉಳಿದರ್ಧಕ್ಕೆ ಅವನು ಎರಡು ದಿನ ನೋಂದಣಿ ಕಚೇರಿಯ ಬೆಂಚು ಸವೆಸಿದ. ಪತ್ರಗಳು ತೊಳೆದಿಟ್ಟಷ್ಟು ಸ್ವಚ್ಛ. ಪರಿಚಯದ ಎಂಜಿನಿಯರನ್ನು ತಾರಸಿ ಹತ್ತಿಸಿದ. ಅವನು ಇಳಿದು ಬಂದು, “ನಿನಗೆ ಬೇಡವಾದ್ರೆ ಹೇಳು, ನಾನು ತಗೋತೀನಿ” ಎಂದ.

ಆ ಮಾತು ಚುಚ್ಚಿತು. ಇಪ್ಪತ್ತೆರಡು ವರ್ಷ ಊರಿಗೆಲ್ಲ ಮನೆ ಕೊಡಿಸಿದವನ ಹೆಸರಿನಲ್ಲಿ ಒಂದು ಬಾಗಿಲೂ ಇರಲಿಲ್ಲ. ಎಷ್ಟು ಸಲ ಬಾಡಿಗೆ ಮನೆ ಬದಲಿಸಿದ್ದರೆಂದರೆ, ಶಾಲೆಯಲ್ಲಿ ವಿಳಾಸ ಕೇಳಿದರೆ ಮಗಳು ಅಪ್ಪನ ಫೋನ್ ನಂಬರು ಹೇಳುತ್ತಿದ್ದಳು.

ಹೆಂಡತಿಗೆ ಮಾತ್ರ ಸಮಾಧಾನವಿರಲಿಲ್ಲ. “ಹೊರದೇಶದಲ್ಲೆಲ್ಲ ಷೇರು ಬೀಳ್ತಿದೆಯಂತೆ. ನಮ್ಮ ಸರ್ಕಾರ ಹಳೇ ಸಾಲದ ಬಡ್ಡಿ ಕಟ್ಟೋಕೆ ಹೊಸ ಸಾಲ ಮಾಡ್ತಿದೆಯಂತೆ. ಒಂದು ತಿಂಗಳು ತಡೀರಿ.”

“ಷೇರು ಬಿದ್ರೆ ನಮ್ಮ ಗೋಡೆ ಬೀಳುತ್ತಾ?”

“ಸಾಲದ ಕಂತು ಬೀಳುತ್ತಲ್ಲ, ತಲೆ ಮೇಲೆ.”

“ಆ ಮನುಷ್ಯನ ಬಾಡಿಗೆ ಬರುತ್ತೆ ಕಣೇ. ಎರಡು ವರ್ಷ ಆದ್ಮೇಲೆ ಬೆಲೆ ಎಲ್ಲಿರುತ್ತೆ ನೋಡು.”

ಉಳಿಸಿದ್ದೆಲ್ಲವನ್ನೂ ಸುರಿದ. ಅವಳ ಬಳೆಗಳನ್ನೂ ಸೇರಿಸಿದ. ಮಿಕ್ಕಿದ್ದಕ್ಕೆ, ಪರಿಚಯದ ಮ್ಯಾನೇಜರನ್ನು ಹಿಡಿದು ಬೇಗ ಮಾಡಿಸಿಕೊಂಡ ಬ್ಯಾಂಕಿನ ಇಪ್ಪತ್ತು ವರ್ಷದ ಸಾಲ. ಶುಕ್ರವಾರ ಮಧ್ಯಾಹ್ನ ಸಹಿಯಾಯಿತು. ಮಾರಿದವನು ಹಣ ಖಾತೆಗೆ ಬಿದ್ದದ್ದನ್ನು ಎರಡೆರಡು ಸಲ ನೋಡಿಕೊಂಡ. ಹಾಗೇ ಕುಳಿತು, ಬಾಡಿಗೆ ಕರಾರಿಗೂ ಸಹಿ ಹಾಕಿ, ಕೈಕುಲುಕಿ, ಸಂಜೆ ತುರ್ತು ಕೆಲಸವಿದೆಯೆಂದು ಹೊರಟುಹೋದ.

ದಲ್ಲಾಳಿ ಮನೆಗೆ ಬಂದು ಮುಖ ತೊಳೆಯುತ್ತಿದ್ದಾಗ ಹೆಂಡತಿ ಟೀವಿಯ ಮುಂದಿನಿಂದ ಕರೆದಳು. ಎಷ್ಟೋ ದಿನದ ಮೇಲೆ ಅವಳ ದನಿ ಹಗುರವಾಗಿತ್ತು.

“ಏನ್ರೀ, ಬನ್ನಿ ಇಲ್ಲಿ. ನಾನೇ ಸುಮ್ಮನೆ ಹೆದರ್ಕೊಂಡಿದ್ದೆ. ಸರ್ಕಾರದ ಸಾಲಕ್ಕೆ ಏನೂ ಅಪಾಯ ಇಲ್ವಂತೆ, ಮನೆ ಬೆಲೆ ಬೀಳೋದೇ ಇಲ್ವಂತೆ. ಧೈರ್ಯವಾಗಿ ಕೊಂಡ್ಕೊಳ್ಳಿ ಅಂತಿದ್ದಾರೆ. ಹಣಕಾಸು ಇಲಾಖೆಯ ಹೊಸ ಸಲಹೆಗಾರರಂತೆ, ಒಳಗಿನ ಲೆಕ್ಕವೆಲ್ಲ ಮೊದಲು ನೋಡೋದು ಇವರೇ ಅಂತೆ.”

ಅವನು ಮುಖ ಒರೆಸಿಕೊಳ್ಳುತ್ತ ಬಂದು ಟೀವಿ ನೋಡಿದ. ಕನ್ನಡಕ ಸರಿಪಡಿಸಿಕೊಂಡು ಇಡೀ ದೇಶಕ್ಕೆ ಅಭಯ ಕೊಡುತ್ತಿದ್ದವನು, ಅವನ ಹೊಸ ಬಾಡಿಗೆದಾರ.