ಹೊಳೆಯರಸಿಯ ಕಾಣೆ ಗಸಿ

ಮೊದಲ ತುತ್ತಿಗೇ ಆ ಹೆಂಗಸು ಕಣ್ಣು ಮುಚ್ಚಿದಳು. ತೆರೆದವಳೇ ತಟ್ಟೆಯನ್ನು ಅಲ್ಲೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರ ಅಡುಗೆಮನೆಯ ಬಾಗಿಲಿಗೆ ಬಂದು ಒಳಗೆ ಇಣುಕಿದಳು.

"ಇವ್ರೇ ಮಾರಾಯಾ, ಇವ್ರೇ," ಎಂದು ಒಳಗಿದ್ದ ಯೋಗೀಶ್ ತನ್ನ ಬಾಣಸಿಗನ ಕಿವಿಯಲ್ಲಿ ಪಿಸುಗುಟ್ಟಿದ.

ಬಾಣಸಿಗ ಸುಜನ್ ತಲೆಯ ಮೇಲಿದ್ದ ಉದ್ದನೆಯ ಬಿಳಿ ಟೊಪ್ಪಿಯನ್ನು ನೆಟ್ಟಗೆ ಮಾಡಿಕೊಂಡ.

ಯೋಗೀಶನ 'ಹೊಳೆಯರಸಿ' ಕುಂದಾಪುರದ ಹೊಳೆಯಲ್ಲಿ ತೇಲುವ ಐಷಾರಾಮಿ ದೋಣಿಮನೆ. ತಣ್ಣನೆಯ ಕೋಣೆ, ನಾಸಿಕದ ವೈನ್, ಬಿಳಿ ಬಟ್ಟೆ ಹಾಸಿದ ಮೇಜು. ಅದಕ್ಕೆ ಹೆಸರು ಬಂದದ್ದು ಮಾತ್ರ ಕಾಣೆ ಮೀನಿನ ಗಸಿಯಿಂದ, ಕಾಯಿ ಅರೆದು ಮಾಡುವ ಆ ದಪ್ಪನೆಯ ಸಾರಿನಿಂದ. ಮೆನುವಿನಲ್ಲಿ ಗಸಿಯ ಕೆಳಗೆ 'ಷೆಫ್ ಸುಜನ್ ಅವರ ಸ್ವಂತ ಕೈರುಚಿ' ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು.

ಬೆಳಿಗ್ಗೆ, ದೋಣಿಗೆ ಜನ ಕಳಿಸುವ ಪ್ರವಾಸದ ಕಂಪನಿಯಿಂದ ಫೋನ್ ಬಂದಿತ್ತು. ಇವತ್ತಿನ ಪ್ರವಾಸಿಗಳಲ್ಲಿ ಒಬ್ಬರು ಕಂಪನಿಯವರು. ಯಾರೆಂದು ಹೇಳುವುದಿಲ್ಲ. ಅಡುಗೆ ಮೆಚ್ಚಿದರೆ, ಕಂಪನಿಗೆ ಬರಲಿರುವ ದೊಡ್ಡ ದೋಣಿಯಲ್ಲಿ ಸುಜನ್ ಮುಖ್ಯ ಬಾಣಸಿಗ. ಮೋಸ ಕಂಡರೆ ಇಲ್ಲಿಯ ಕೆಲಸವೂ ಇಲ್ಲ.

ಮೋಸ ಇತ್ತು. ಮುಂಬಯಿಯ ಹೋಟೆಲಿನಲ್ಲಿ ಹತ್ತು ವರ್ಷ ಕೇಕು, ಸೂಪು, ಸಾಸು ಎಲ್ಲ ಕಲಿತ ಸುಜನ್‌ಗೆ ಊರಿನ ಗಸಿ ಮಾತ್ರ ಬರುತ್ತಿರಲಿಲ್ಲ. ದೋಣಿ ನಡೆಸುವ ಕರಿಯ ದಿನಾ ಬೆಳಿಗ್ಗೆ ಹೊಳೆ ನಡುವಿನ ನಡುಗಡ್ಡೆ, ಕುದ್ರುವಿಗೆ ಹೋಗಿ, ಅಲ್ಲಿ ಯಾರದೋ ಮನೆಯಿಂದ ಒಂದು ಸ್ಟೀಲ್ ಕ್ಯಾನು ತರುತ್ತಿದ್ದ. ಸುಜನ್ ಅದನ್ನು ಬಿಸಿ ಮಾಡಿ, ಮೇಲೆ ಎರಡು ಕೊತ್ತಂಬರಿ ಎಲೆ ಇಡುತ್ತಿದ್ದ. ಈ ಗುಟ್ಟು ಯೋಗೀಶನಿಗೂ ಗೊತ್ತಿರಲಿಲ್ಲ. ಇವತ್ತು ಕರಿಯ ಬಂದದ್ದೇ ತಡವಾಗಿ, ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು. ಕ್ಯಾನು ಕೊಟ್ಟವನು ಮೇಲೆ ಹತ್ತಿ ಚುಕ್ಕಾಣಿ ಹಿಡಿದು ಕೂತ. ಊಟಕ್ಕೆ ಕರೆದರೂ ಇಳಿಯಲಿಲ್ಲ.

ಒಂಟಿಯಾಗಿ ಬಂದವಳು ಆ ಹೆಂಗಸೊಬ್ಬಳೇ. ಐವತ್ತು ದಾಟಿದ ವಯಸ್ಸು, ಗರಿಗರಿ ಸೀರೆ, ಮಾತು ಕಡಿಮೆ. ಬಿಳಿ ವೈನ್ ಒಂದು ಗುಟುಕು ಕುಡಿದು, "ಇದ್ ಹುಳಿ ಬಂದಿತ್ತಲಾ," ಎಂದಿದ್ದಳು. ಯೋಗೀಶ್ ಓಡಿಹೋಗಿ ಅದಕ್ಕಿಂತ ಹಳೆಯ ಬಾಟಲಿ ತಂದ. ಅದನ್ನು ಮೂಸಿ, "ಇದ್ ಪೂರಾ ಹಾಳಾಯಿತ್," ಎಂದಳು. ಎಂಥ ನಾಲಿಗೆ ಎಂದು ಯೋಗೀಶ್ ಬೆವರಿದ.

ಈಗ ಅವಳು ಬಾಗಿಲಿನಿಂದ ಕದಲುತ್ತಲೇ ಇರಲಿಲ್ಲ.

"ಗಸಿ ನೀವೇ ಮಾಡದ್ದಾ?"

"ಹೌದು ಮೇಡಂ. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಕಲ್ಲಿನಲ್ಲಿ ಅರೆದು."

"ಕಲ್ಲ್ ಎಲ್ಲಿತ್ತ್?"

ಸುಜನ್ ಒಮ್ಮೆ ಕಾಫಿ ಯಂತ್ರದ ಕಡೆ ನೋಡಿದ. "ರಿಪೇರಿಗೆ ಕೊಟ್ಟಿದ್ದೇವೆ."

"ಕಲ್ಲಾ? ರಿಪೇರಿಗಾ?"

ಯೋಗೀಶ್ ನಡುವೆ ಬಾಯಿ ಹಾಕಿ, "ಐಸ್‌ಕ್ರೀಂ ತಕಂತ್ರಿಯಾ ಅಮ್ಮಾ?" ಎಂದ. ಅವಳು ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಮೂಲೆಯ ಮೇಜಿನಲ್ಲಿ ಸಂಸಾರದೊಡನೆ ಕೂತಿದ್ದ ಬೋಳುತಲೆಯವರು ಕೈಯೆತ್ತಿ ಕರೆದದ್ದರಿಂದ ಅವನು ಅತ್ತ ಹೋಗಬೇಕಾಯಿತು.

"ಕೈ ಕಾಂಬ," ಎಂದಳು ಹೆಂಗಸು, ಒಳಗೆ ಬಂದು ಬಾಗಿಲು ಎಳೆದುಕೊಂಡು.

ಸುಜನ್ ಶಾಲೆಯ ಹುಡುಗನ ಹಾಗೆ ಎರಡೂ ಕೈ ಚಾಚಿದ. ಅವಳು ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು.

"ಕಾಯಿ ಹೆರ್ದ್ ಕೈಯಲ್ಲ ಇದ್. ಹೆರಿಮಣೆ ತಾಗಿದ್ ಗಾಯ ಒಂದಾರೂ ಬೇಡ್ದಾ?"

ಕಾಯಿ ತುರಿಯುವ ಮಣೆಯನ್ನು ಮುಟ್ಟಿಯೇ ಗೊತ್ತಿಲ್ಲದ ಸುಜನ್ ಕೈ ಹಿಂದಕ್ಕೆಳೆದುಕೊಂಡ. ಮುಂಬಯಿಯಲ್ಲಿ ಕಲಿತ ನಯದ ಮಾತೆಲ್ಲ ಒಂದೇ ಏಟಿಗೆ ಹೊಳೆ ಪಾಲಾಯಿತು.

"ಅಮ್ಮಾ, ನಿಮ್ ಕಾಲಿಗ್ ಬೀಳ್ತೆ. ಕಂಪನಿಯವ್ರಿಗೆ ಹೇಳ್ಬೇಡಿ. ಗಸಿ ಮಾಡದ್ದ್ ನಾನಲ್ಲ. ಕುದ್ರಂಗೆ ಯಾರೋ ಒಬ್ರ್ ಹೆಂಗ್ಸ್ ಮಾಡಿ ಕಳ್ಸ್ತ್ರ್. ನಾನ್ ಬಿಸಿ ಮಾಡುದ್ ಮಾತ್ರ."

"ಯಾವ್ ಕಂಪನಿ?" ಎಂದಳು ಹೆಂಗಸು.

ಬಾಗಿಲು ದಡಾರೆಂದು ತೆರೆಯಿತು. ಯೋಗೀಶನ ಮುಖ ಊರಗಲವಾಗಿತ್ತು.

"ಪಾಸ್ ಮಾರಾಯಾ! ಮೂಲೆ ಮೇಜಿನ ಬೋಳುತಲೆಯವ್ರೇ ಕಂಪನಿಯವ್ರ್. ಮೂರ್ ಸಲ ಗಸಿ ಹಾಕಿಸ್ಕಂಡ್ರ್. ಇದನ್ನ್ ಮಾಡ್ದವ್ರನ್ನೇ ದೊಡ್ಡ ದೋಣಿಗೆ ಕಳ್ಸಿ, ಬೇರೆ ಯಾರೂ ಬೇಡ ಅಂತ ಹೇಳ್ತ್ರ್. ಬಾ, ನಿನ್ನ್ ಕಾಣ್ಕ್ ಅಂಬ್ರ್!"

ಸುಜನ್ ಹೊರಗೆ ಹೋಗಲಿಲ್ಲ. ಹೆಂಗಸಿನ ಮುಖವನ್ನೇ ನೋಡಿದ.

"ಹಂಗಾರೆ ನೀವ್ ಯಾರ್?"

"ನಾನ್ ಕುಸುಮಾವತಿ. ಕುದ್ರಿನವ್ಳ್. ದಿನಾ ನಿಮಗ್ ಗಸಿ ಮಾಡಿ ಕೊಡುದ್ ನಾನೇ. ಅದ್ ಎಲ್ಲಿಗ್ ಹೋತ್ತ್, ಯಾರ್ ಉಂತ್ರ್ ಅಂತ ಒಂದ್ಸಲ ಕಾಣ್ಕ್ ಅಂತ ಆಸಿ ಆಯ್ತ್. ಮಗ್ಳ್ ಟಿಕೆಟ್ ಮಾಡಿ ಕೊಟ್ಳ್."

ಯೋಗೀಶ್ ಇಬ್ಬರನ್ನೂ ಬಾಯಿ ಬಿಟ್ಟುಕೊಂಡು ನೋಡಿದ. ಸುಜನ್ ತಲೆಯ ಮೇಲಿದ್ದ ಟೊಪ್ಪಿಯನ್ನು ನಿಧಾನವಾಗಿ ತೆಗೆದ. ಅವನ ಮುಖದಲ್ಲಿ ಸೋಲಿನ ಜೊತೆಗೆ ಏನೋ ಒಂದು ನಿರಾಳವೂ ಇತ್ತು.

"ಸರಿ. ಆ ಕೆಲ್ಸ ಇವ್ರದ್ದ್ ಯೋಗೀಶಣ್ಣ. ಇವ್ರನ್ನೇ ಕರ್ಕಂಡ್ ಹೋಯ್ನಿ."

"ನನ್ನನ್ನಾ?" ಕುಸುಮಾವತಿ ಎರಡು ಹೆಜ್ಜೆ ಹಿಂದೆ ಸರಿದಳು. "ನಾನ್ ಬೆಳಿಗ್ಗೆ ಮನಿಗ್ ಬೀಗ ಹಾಯ್ಕಂಡ್ ಬಂದವ್ಳ್. ಇವತ್ ಒಲಿಯೇ ಹೊತ್ಸಲಿಲ್ಲ. ಆಗ್ಳಿಂದ ನಾನೂ ಅದನ್ನೇ ಹುಡುಕ್ತಿಪ್ಪುದ್, ನನ್ ಗಸಿಗಿಂತ ಲಾಯ್ಕ್ ಮಾಡ್ದವ್ರ್ ಈ ದೋಣಿ ಒಳ್ಗೆ ಯಾರಪ್ಪಾ ಅಂತ!"

ಸುಜನ್ ಬೆಳಿಗ್ಗೆ ಬಂದ ಕ್ಯಾನಿನತ್ತ ತಿರುಗಿದ; ಅಷ್ಟರಲ್ಲಿ ಮೇಲಿನ ಚುಕ್ಕಾಣಿಯ ಕಡೆಯಿಂದ, ತಪ್ಪು ಮಾಡಿ ಸಿಕ್ಕಿಬಿದ್ದವನ ದನಿಯೊಂದು ಮೆಲ್ಲಗೆ ಕೇಳಿಸಿತು: "ಹ್ವಾಯ್ ಕುಸುಮಕ್ಕಾ, ಗಸಿ ಅಡ್ಡಿಲ್ಯಾ?"